ಕೆಂಪು ಒಂದು ಕಡೆ, ಹಸಿರು ಒಂದು ಕಡೆ: ಪುಟ್ಟ ಮಕ್ಕಳಿಗೆ ವಿಂಗಡಣೆ ಕಲಿಸುವ ಕ್ರಮ

‘ನಿನ್ನೆ ಚೆನ್ನಾಗಿ ಬೇರೆ ಮಾಡಿದ್ದಳು, ಇವತ್ತು ಎಲ್ಲವನ್ನೂ ಕಲಸಿಟ್ಟಳು’ ಎಂಬ ದೂರು ಕೊಡಗಿನ ಅಂಗನವಾಡಿಗಳಲ್ಲೂ ಮನೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತದೆ. ಮಗುವಿನ ಮುಂದಿರುವ ತಟ್ಟೆಯನ್ನು ನೋಡಿದರೆ ಕಾರಣ ಅಲ್ಲೇ ಬಿದ್ದಿರುತ್ತದೆ: ಕೆಂಪು ಕಾಫಿ ಹಣ್ಣು, ಹಸಿರು ಕಾಯಿ, ಒಣಗಿ ಕಪ್ಪಾದದ್ದು, ಎರಡು ಅಡಿಕೆ, ಒಂದು ಹಿಡಿ ಮಣಿ, ಯಾರದೋ ಅಂಗಿಯ ಗುಂಡಿ. ‘ಬೇರೆ ಬೇರೆ ಮಾಡು’ ಎಂದು ಹೇಳಿ ದೊಡ್ಡವರು ಮೊಬೈಲ್ ತೆರೆದಿರುತ್ತಾರೆ. ಯಾವ ಲೆಕ್ಕದಲ್ಲಿ ಬೇರೆ ಮಾಡಬೇಕು ಎಂದು ಅವರನ್ನೇ ಕೇಳಿದರೆ ಅವರಿಗೂ ಉತ್ತರ ಹೊಳೆಯುವುದಿಲ್ಲ.

ವಿಂಗಡಣೆಯಲ್ಲಿ ಮಗು ಎಡವಿದರೆ ಮೊದಲು ಅನುಮಾನಿಸಬೇಕಾದದ್ದು ಮಗುವನ್ನಲ್ಲ. ನಾವು ಆರಿಸಿಕೊಟ್ಟ ಸಾಮಾನನ್ನು, ನಾವು ಹಾರಿಸಿದ ಹಂತವನ್ನು. ಕೆಳಗಿನ ಕ್ರಮ ಸುಮಾರು ಒಂದೂವರೆ ವರ್ಷದಿಂದ 6 ವರ್ಷದವರೆಗಿನ ಮಕ್ಕಳಿಗಾಗಿ. ಕೊಟ್ಟಿರುವ ವಯಸ್ಸುಗಳೆಲ್ಲ ಅಂದಾಜು, ಒಂದು ಮಗು ಆರು ತಿಂಗಳು ಹಿಂದೆ ಮುಂದೆ ಆಗಬಹುದು. ಹಂತಗಳ ಕ್ರಮವನ್ನು ಮಾತ್ರ ಹಿಂದೆ ಮುಂದೆ ಮಾಡಬೇಡಿ.

## ಬೇಕಾದ ಸಾಮಾನು

ಅಂಗಡಿಯಿಂದ ಬಣ್ಣದ ಆಟಿಕೆ ಸೆಟ್ ತರುವ ಅಗತ್ಯವಿಲ್ಲ. ಒಂದು ಚಾಪೆ, ಒಂದೇ ಬಣ್ಣದ ಮತ್ತು ಒಂದೇ ಅಳತೆಯ ಮೂರು ಬುಟ್ಟಿ ಅಥವಾ ತಟ್ಟೆ, ಒಂದು ಖಾಲಿ ಮೊಟ್ಟೆ ಟ್ರೇ, ಎರಡು ಮಾರು ಹಗ್ಗ ಇದ್ದರೆ ಸಾಕು. ಬುಟ್ಟಿಗಳು ಒಂದೇ ಬಣ್ಣದವಾಗಿರಬೇಕು ಎಂಬುದನ್ನು ಬಹಳ ಜನ ಕಡೆಗಣಿಸುತ್ತಾರೆ. ಒಂದು ಬುಟ್ಟಿ ಕೆಂಪು, ಇನ್ನೊಂದು ನೀಲಿ ಆಗಿದ್ದರೆ, ನೀವು ಗಾತ್ರ ಕಲಿಸಲು ಹೊರಟರೂ ಮಗು ಕೆಂಪು ವಸ್ತುವನ್ನೆಲ್ಲ ಕೆಂಪು ಬುಟ್ಟಿಗೇ ತುಂಬುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯೇ.

ವಿಂಗಡಿಸುವ ವಸ್ತುಗಳನ್ನು ಸುಮ್ಮನೆ ರಾಶಿ ಹಾಕದೆ ಜೊತೆಜೊತೆಯಾಗಿ ಕೂಡಿಸಿಡಿ. ಒಂದೇ ಬಗೆಯ, ಎರಡು ಬಣ್ಣದ ದೊಡ್ಡ ಡಬ್ಬಿ ಮುಚ್ಚಳಗಳು ಒಂದು ಜೊತೆ. ಸ್ಟೀಲಿನ ದೊಡ್ಡ ಚಮಚ, ಸಣ್ಣ ಚಮಚ ಇನ್ನೊಂದು. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲು ಮತ್ತು ರಸ್ತೆಗೆ ಹಾಕುವ ಒರಟು ಜಲ್ಲಿ, ಎರಡೂ ಮಗುವಿನ ಮುಷ್ಟಿಗಿಂತ ದೊಡ್ಡವು. ಎಲೆಗಳ ವಿಷಯದಲ್ಲಿ ಕೊಡಗಿನವರಷ್ಟು ಅನುಕೂಲಸ್ಥರು ಯಾರೂ ಇಲ್ಲ. ರೊಬಸ್ಟಾ ಕಾಫಿಯ ಅಗಲವಾದ ಎಲೆ, ಅರೇಬಿಕಾದ ಚಿಕ್ಕ ಎಲೆ, ಗರಿಯಂತೆ ಸೀಳಿಕೊಂಡ ಸಿಲ್ವರ್ ಓಕ್, ಮೂರು ಮೂರಾಗಿ ಬರುವ ಹಾಲುವಾಣ, ದಪ್ಪಗೆ ಹೊಳೆಯುವ ಹಲಸು ಎಲ್ಲವೂ ಒಂದೇ ತೋಟದಲ್ಲಿ ಸಿಗುತ್ತವೆ. ತರಲು ದೊಡ್ಡವರೇ ಹೋಗಿ. ಕಾಫಿ ಗಿಡದ ಕೆಂಪಿರುವೆ ಗೂಡು ಒಂದು ಕಾರಣ, ಆನೆ ಇನ್ನೊಂದು.

ಜೂನ್ ದಾಟಿದ ಮೇಲೆ ನಮ್ಮಲ್ಲಿ ಬೀಜ, ಮರದ ತುಂಡು, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮಳೆಗೆ ರಜೆ ಘೋಷಣೆಯಾಗಿ ಮಕ್ಕಳು ಮನೆಯಲ್ಲೇ ಕೂರುವ ಕಾಲವೂ ಅದೇ. ಆದ್ದರಿಂದ ಕಾಫಿ ಒಣಗಿಸುವ ಬಿಸಿಲಿನಲ್ಲೇ ಇವನ್ನೂ ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿಡಿ. ಮಳೆಗಾಲಕ್ಕೆ ಚಮಚ, ಮುಚ್ಚಳ, ಕಲ್ಲುಗಳೇ ವಾಸಿ.

## ಮಗುವಿನ ಕೈಗೆ ಕೊಡಬಾರದ್ದು

ಇದನ್ನು ಓದದೆ ಮುಂದೆ ಹೋಗಬೇಡಿ. 3 ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ಕೊಳವೆಯೊಳಗೆ ಪೂರ್ತಿ ಇಳಿದುಹೋಗುವ ಯಾವ ವಸ್ತುವೂ ಆ ವಯಸ್ಸಿಗೆ ಅಪಾಯ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕಾಫಿ ಬೀಜ, ಕರಿಮೆಣಸು, ಮಣಿ, ಅಂಗಿ ಗುಂಡಿ, ಕಡಲೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. 4 ವರ್ಷ ದಾಟಿದ ಮೇಲೂ ಇವನ್ನು ಕೊಟ್ಟರೆ ಪಕ್ಕದಲ್ಲಿ ಕೂತಿರಬೇಕು, ಆಟ ಮುಗಿದ ಮೇಲೆ ಚಾಪೆ ಕೊಡವಿ ನೋಡಬೇಕು.

ಗುಲಗಂಜಿಯನ್ನು ಮಾತ್ರ ಯಾವ ವಯಸ್ಸಿಗೂ ಕೊಡಬೇಡಿ. ಅರ್ಧ ಕೆಂಪು, ಅರ್ಧ ಕಪ್ಪು ಇರುವ ಈ ಬೀಜ ವಿಂಗಡಣೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಹರಳು ಬೀಜ, ಕಣಗಿಲೆಯ ಕಾಯಿ ಮತ್ತು ಎಲೆ ಕೂಡ ವಿಷ. ಗುಂಡಿಯಾಕಾರದ ಬ್ಯಾಟರಿ, ಸಣ್ಣ ಅಯಸ್ಕಾಂತದ ತುಂಡುಗಳನ್ನು ಮನೆಯ ಆಟದ ಡಬ್ಬದಿಂದಲೇ ತೆಗೆದುಹಾಕಿ.

ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಮುಚ್ಚಳ ಸಂಗ್ರಹಿಸುವಾಗ ಕೀಟನಾಶಕ, ಕಳೆನಾಶಕದ ಬಾಟಲಿಯ ಮುಚ್ಚಳವೂ ಅದರೊಳಗೆ ಸೇರಿಬಿಡುತ್ತದೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮುಚ್ಚಳವನ್ನು ತೊಳೆದೂ ಬಳಸಬೇಡಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಕಾಫಿ ಮತ್ತು ಮೆಣಸಿನ ಎಲೆಗಳ ಮೇಲೆ ತಿಳಿ ನೀಲಿ ಕಲೆ ಉಳಿದಿರುತ್ತದೆ, ಅಂಥ ಎಲೆ ಬೇಡ. ಗಾಂಧಾರಿ ಮೆಣಸಿನ ಬಣ್ಣ ಚೆಂದವೇ. ಆದರೆ ಅದನ್ನು ಹಿಡಿದ ಕೈ ನೇರ ಕಣ್ಣಿಗೆ ಹೋಗುತ್ತದೆ.

## ಹಂತ 1: ಮೊದಲು ಕೈಗೆ ಸಿಗಲಿ

ಹೊಸ ಸಾಮಾನು ಮುಂದಿಟ್ಟ ದಿನ ಏನೂ ಕಲಿಸಬೇಡಿ. ಮಗು ಅದನ್ನು ಬಡಿಯಲಿ, ಉರುಳಿಸಲಿ, ಸಾಲಾಗಿ ಇಟ್ಟು ಬಸ್ ಮಾಡಲಿ. ಆಡಿ ತಣಿಯದ ಮಗು ಮಾರನೆಯ ದಿನ ನಿಮ್ಮ ನಿಯಮವನ್ನು ಕೇಳಿಸಿಕೊಳ್ಳುವುದಿಲ್ಲ.

## ಹಂತ 2: ಜೋಡಿ ಹುಡುಕುವುದು (ಒಂದೂವರೆಯಿಂದ 3 ವರ್ಷ)

ಗುಂಪು ಮಾಡುವ ಮೊದಲು ‘ಇದರ ಹಾಗೇ ಇರುವುದು’ ಯಾವುದೆಂದು ಕಾಣಬೇಕು. ಚಮಚ, ಮುಚ್ಚಳ, ಎಲೆ ಹೀಗೆ ಮೂರು ವಸ್ತುಗಳನ್ನು ಸಾಲಾಗಿ ಇಡಿ. ಅವುಗಳದ್ದೇ ಇನ್ನೊಂದು ಪ್ರತಿಯನ್ನು ಒಂದೊಂದಾಗಿ ಮಗುವಿನ ಕೈಗೆ ಕೊಟ್ಟು, ‘ಇದರ ಜೊತೆಯದ್ದು ಎಲ್ಲಿದೆ?’ ಎಂದಷ್ಟೇ ಕೇಳಿ. ಅಂಗನವಾಡಿಯ ಬಾಗಿಲಲ್ಲಿ ಕಳಚಿಟ್ಟ ಚಪ್ಪಲಿಗಳು, ಮಳೆಗಾಲದಲ್ಲಿ ಗಂಬೂಟುಗಳು ಇದಕ್ಕೆ ಸಿದ್ಧ ಸಾಮಗ್ರಿ.

ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ: ಮಗು ಕೆಂಪು ಮುಚ್ಚಳವನ್ನು ಕೆಂಪು ಮುಚ್ಚಳದ ಪಕ್ಕ ಇಟ್ಟ ಕೂಡಲೇ ‘ಇದು ಯಾವ ಬಣ್ಣ ಹೇಳು’ ಎಂದು ಕೇಳುವುದು. ಬಣ್ಣವನ್ನು ಕಣ್ಣು ಗುರುತಿಸುವುದು ಮೊದಲು, ಬಣ್ಣದ ಹೆಸರು ನಾಲಿಗೆಗೆ ಬರುವುದು ಬಹಳ ತಡವಾಗಿ. ಸರಿಯಾಗಿ ಜೋಡಿಸಿದ ಮಗುವನ್ನು ಹೆಸರು ಗೊತ್ತಿಲ್ಲವೆಂದು ಸೋಲಿಸಿದರೆ ಅದು ಚಾಪೆಯಿಂದ ಎದ್ದುಹೋಗುತ್ತದೆ. ಹೆಸರನ್ನು ನೀವೇ ಮಾತಿನ ನಡುವೆ ಹೇಳುತ್ತಿರಿ, ಪರೀಕ್ಷೆ ಮಾಡಬೇಡಿ.

ಮಗು ವಸ್ತುವನ್ನು ಇಡುವ ಮೊದಲು ನಿಮ್ಮ ಮುಖ ನೋಡುವುದನ್ನು ಬಿಟ್ಟಿತೆಂದರೆ ಮುಂದಿನ ಹಂತಕ್ಕೆ ಹೋಗಬಹುದು.

## ಹಂತ 3: ಒಂದೇ ಗುಣ, ಎರಡೇ ಗುಂಪು (3 ವರ್ಷದ ಆಸುಪಾಸು)

ಹೆಚ್ಚಿನವರು ಜಾರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ವಸ್ತುಗಳು ಒಂದೇ ಒಂದು ಗುಣದಲ್ಲಿ ಬೇರೆಯಾಗಿರಬೇಕು. ಬಣ್ಣ ಕಲಿಸುವುದಾದರೆ ಮುಚ್ಚಳಗಳ ಗಾತ್ರ, ಆಕಾರ, ದಪ್ಪ ಎಲ್ಲ ಒಂದೇ ಇದ್ದು ಬಣ್ಣ ಮಾತ್ರ ಬೇರೆ ಇರಲಿ. ಗಾತ್ರ ಕಲಿಸುವುದಾದರೆ ಎಲ್ಲವೂ ಒಂದೇ ಬಣ್ಣ. ಕಾಫಿ ಹಣ್ಣಿನಿಂದಲೇ ಶುರು ಮಾಡಬೇಕೆಂಬ ಆಸೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ಕೆಂಪು ಹಣ್ಣು ಬಣ್ಣದಲ್ಲಿ ಮಾತ್ರ ಬೇರೆಯಲ್ಲ. ಅದು ಕಾಯಿಗಿಂತ ಮೆತ್ತಗೆ, ಸಾಮಾನ್ಯವಾಗಿ ದಪ್ಪ, ಒತ್ತಿದರೆ ಅಂಟು. ಮಗು ಸರಿಯಾಗಿ ಬೇರ್ಪಡಿಸಿದರೂ ಅದು ಬಣ್ಣ ನೋಡಿತೋ ಹಿಸುಕಿ ನೋಡಿತೋ ನಿಮಗೆ ತಿಳಿಯುವುದಿಲ್ಲ. ನಿನ್ನೆ ಬಂದದ್ದು ಇಂದು ಬಾರದಿರುವುದರ ಗುಟ್ಟು ಎಷ್ಟೋ ಸಲ ಇದೇ. ಕಾಫಿ ಹಣ್ಣನ್ನು ನಾಲ್ಕನೆಯ ಹಂತಕ್ಕೆ ಉಳಿಸಿಕೊಳ್ಳಿ.

ಮಾಡುವ ರೀತಿ ಹೀಗೆ. ಎರಡು ಬುಟ್ಟಿ ಇಡಿ. ಮೊದಲ ಕೆಂಪು ಮುಚ್ಚಳವನ್ನು ಒಂದರಲ್ಲಿ, ಮೊದಲ ಹಳದಿಯನ್ನು ಇನ್ನೊಂದರಲ್ಲಿ ನೀವೇ ಹಾಕಿ. ಹಾಕುವಾಗ ಮಾತು ಬೇಡ. ಇನ್ನೊಂದೊಂದು ಹಾಕಿ. ಐದನೆಯದನ್ನು ಮಗುವಿನ ಕೈಗೆ ಕೊಡಿ. ಆರು ಮುಚ್ಚಳದಿಂದ ಶುರು ಮಾಡಿ, ಹತ್ತು ಹನ್ನೆರಡು ದಾಟಬೇಡಿ. ಒಂದು ರಾಶಿಯನ್ನೇ ಸುರಿದರೆ ಮಗು ಅರ್ಧದಲ್ಲಿ ನಿಯಮವನ್ನೇ ಮರೆಯುತ್ತದೆ. ಆಮೇಲೆ ಅದು ಮಾಡುವುದು ಎರಡೂ ಬುಟ್ಟಿಗಳನ್ನು ಸಮನಾಗಿ ತುಂಬುವ ಕೆಲಸ. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ. ಮಗು ಇನ್ನೂ ಬೇಕು ಎನ್ನುವಾಗಲೇ ಎತ್ತಿಡಿ.

ತಪ್ಪು ಬುಟ್ಟಿಗೆ ಬಿದ್ದರೆ ತಕ್ಷಣ ಕೈ ಹಿಡಿಯಬೇಡಿ. ಎಲ್ಲ ಮುಗಿಯಲಿ. ಆಮೇಲೆ ಎರಡೂ ಬುಟ್ಟಿಗಳನ್ನು ಚಾಪೆಯ ಮೇಲೆ ಹರಡಿ, ‘ಎಲ್ಲ ಸರಿಯಾಗಿ ಸೇರಿದೆಯೇ ನೋಡು’ ಎನ್ನಿ. ಹರಡಿದಾಗ ಹಳದಿಯ ನಡುವೆ ಕೂತ ಕೆಂಪು ತಾನೇ ಕಣ್ಣಿಗೆ ಬಡಿಯುತ್ತದೆ, ಬಹಳ ಮಕ್ಕಳು ತಾವೇ ಎತ್ತಿ ಬದಲಿಸುತ್ತಾರೆ. ಬದಲಿಸದಿದ್ದರೆ ಆ ಒಂದನ್ನು ಎರಡೂ ಗುಂಪಿನ ಪಕ್ಕ ಹಿಡಿದು ತೋರಿಸಿ. ‘ತಪ್ಪು’ ಎಂಬ ಮಾತಿನಿಂದ ಮಗುವಿಗೆ ಯಾವುದು ತಪ್ಪು ಎಂಬುದು ತಿಳಿಯುವುದಿಲ್ಲ, ನೀವು ಸಿಟ್ಟಾದದ್ದು ಮಾತ್ರ ತಿಳಿಯುತ್ತದೆ.

ಕೆಲವು ಮಕ್ಕಳು ಎರಡು ಕೆಂಪು ಸೇರಿಸಿ, ಅದಕ್ಕೊಂದು ಹಳದಿ ಹೊಂದಿಸಿ ‘ಮನೆ’ ಎನ್ನುತ್ತಾರೆ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಈ ವಯಸ್ಸಿನಲ್ಲಿ ಗಮನಿಸಿ ಬರೆದಿಟ್ಟ ನಡವಳಿಕೆ ಇದು: ಗುಂಪು ಮಾಡಲು ಹೊರಟ ಮಗು ನಡುವೆ ಚಿತ್ರ ಕಟ್ಟಲು ತೊಡಗುತ್ತದೆ. ಮನೆ ಮುಗಿಯುವವರೆಗೆ ಕಾಯಿರಿ, ಮತ್ತೆ ಶುರು ಮಾಡಿ.

ಬಣ್ಣ ಬಂದ ಮೇಲೆ ಗಾತ್ರ, ಗಾತ್ರದ ನಂತರ ನುಣುಪು ಮತ್ತು ಒರಟು. ಕೊನೆಯದನ್ನು ಬಟ್ಟೆ ಚೀಲದೊಳಗೆ ಕೈ ಹಾಕಿ, ನೋಡದೆ ಮಾಡಿಸಿ. ಕಣ್ಣನ್ನು ಬಿಟ್ಟು ಕೈಯನ್ನು ನಂಬುವ ಈ ಆಟಕ್ಕೆ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ.

## ಹಂತ 4: ಮೂರನೆಯ ಬುಟ್ಟಿ (4 ವರ್ಷದ ಆಸುಪಾಸು)

ಈಗ ಕಾಫಿ ಹಣ್ಣು ತನ್ನಿ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ, ರೊಬಸ್ಟಾ ಅದರ ನಂತರ, ಆದ್ದರಿಂದ ಚಳಿಗಾಲದ ಉದ್ದಕ್ಕೂ ಸಿಗುತ್ತದೆ. ಕೆಂಪು, ಹಸಿರು, ಒಣಗಿ ಕಪ್ಪಾದದ್ದು, ಮೂರು ಬುಟ್ಟಿ. ಬೇಕೆಂದೇ ಒಂದೆರಡು ಅರೆಹಣ್ಣು ಸೇರಿಸಿ. ಅರ್ಧ ಕೆಂಪು, ಅರ್ಧ ಹಸಿರು ಇರುವುದನ್ನು ಎಲ್ಲಿ ಹಾಕುವುದು? ಮಗು ನಿಮ್ಮನ್ನು ನೋಡುತ್ತದೆ. ಉತ್ತರ ಕೊಡಬೇಡಿ. ಕೆಲವರು ಅದಕ್ಕಾಗಿ ಬೇರೆ ಜಾಗ ಕೇಳುತ್ತಾರೆ, ಕೆಲವರು ಕೆಂಪಿನ ಕಡೆ ನೂಕುತ್ತಾರೆ, ಇನ್ನು ಕೆಲವರು ಎರಡು ಬುಟ್ಟಿಗಳ ನಡುವೆ ನೆಲದ ಮೇಲೇ ಇಡುತ್ತಾರೆ. ಮೂರೂ ಒಳ್ಳೆಯ ಉತ್ತರಗಳು. ಇದೇ ಜಗಳ ಕಣದಲ್ಲಿ ದೊಡ್ಡವರ ನಡುವೆಯೂ ನಡೆಯುತ್ತದೆ.

‘ಯಾವುದಕ್ಕೂ ಸೇರದ್ದು’ ಎಂಬ ಜಾಗವೊಂದನ್ನು ಈ ಹಂತದಲ್ಲಿ ಕೊಡಬಹುದು, ಆದರೆ ಅದಕ್ಕೆ ಎರಡು ಮೂರು ವಸ್ತುಗಳಷ್ಟೇ ಬರುವಂತೆ ಸಾಮಾನು ಆರಿಸಿ. ಇಲ್ಲದಿದ್ದರೆ ಯೋಚಿಸಲು ಬೇಸರವಾದ ಮಗು ಅರ್ಧ ರಾಶಿಯನ್ನು ಅಲ್ಲಿಗೇ ಸುರಿಯುತ್ತದೆ.

## ಹಂತ 5: ಮಗುವೇ ನಿಯಮ ಮಾಡಲಿ

ಕಲಿಸುವವರು ಬೇಗ ದಾಟಿಬಿಡುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇಲ್ಲಿಯವರೆಗೆ ನಿಯಮ ನಿಮ್ಮದು, ಮಗು ಅನುಸರಿಸಿತು. ಈಗ ಹತ್ತು ಹನ್ನೆರಡು ಎಲೆಗಳನ್ನು ಹರಡಿ, ‘ಸೇರುವುದನ್ನೆಲ್ಲ ನಿನಗೆ ತೋಚಿದ ಹಾಗೆ ಸೇರಿಸು’ ಎಂದು ಹೇಳಿ ಸುಮ್ಮನಿರಿ.

ನೀವು ಊಹಿಸಿದ ಗುಂಪುಗಳು ಬರುವುದಿಲ್ಲ. ಒಂದು ಕಡೆ ದನ ತಿನ್ನುವ ಎಲೆ, ಇನ್ನೊಂದು ಕಡೆ ತಿನ್ನದ್ದು. ಅಥವಾ ಕಡುಬು ಬೇಯಿಸುವ ಎಲೆ ಒಂದು, ಉಳಿದದ್ದೆಲ್ಲ ಇನ್ನೊಂದು. ಅಥವಾ ‘ಅಜ್ಜಿಯ ಮನೆಯದ್ದು, ನಮ್ಮ ಮನೆಯದ್ದು’. ನಿಯಮ ಒಂದೇ ಇದ್ದು, ಎಲ್ಲ ಎಲೆಗಳಿಗೂ ಅದನ್ನೇ ಅನ್ವಯಿಸಿದ್ದರೆ ಅದು ಸರಿಯಾದ ವರ್ಗೀಕರಣ. ಆಕಾರದ ಪ್ರಕಾರ ಮಾಡಲಿಲ್ಲವೆಂದು ತಿದ್ದಬೇಡಿ.

‘ಯಾಕೆ ಇಲ್ಲಿಟ್ಟೆ?’ ಎಂಬ ಪ್ರಶ್ನೆಗೆ ಚಿಕ್ಕ ಮಕ್ಕಳು ಹೆಚ್ಚಾಗಿ ಸುಮ್ಮನಾಗುತ್ತಾರೆ. ಅದಕ್ಕಿಂತ ಉತ್ತಮ ಉಪಾಯವಿದೆ. ಹೊಸದೊಂದು ಎಲೆ ಕೊಟ್ಟು ‘ಇದು ಎಲ್ಲಿಗೆ?’ ಎನ್ನಿ. ಬಾಯಿಗೆ ಬಾರದ ನಿಯಮವನ್ನು ಕೈ ತೋರಿಸಿಬಿಡುತ್ತದೆ. ಐದು ವರ್ಷದ ಹೊತ್ತಿಗೆ ಮಾತೂ ಬರುತ್ತದೆ. ಅದು ಕೊಡವ ತಕ್ಕ್‌ನಲ್ಲೋ, ಅರೆಭಾಷೆಯಲ್ಲೋ, ಮಲಯಾಳದಲ್ಲೋ, ಯರವ ಭಾಷೆಯಲ್ಲೋ ಬಂದರೆ ಹಾಗೆಯೇ ಸ್ವೀಕರಿಸಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಕ್ಕಳ ಅಂಗನವಾಡಿಗಳಲ್ಲಿ ಕನ್ನಡ ಪದ ಗೊತ್ತಿಲ್ಲದ ಮಗುವನ್ನು ವಿಂಗಡಣೆ ಬಾರದ ಮಗು ಎಂದು ಬರೆದುಕೊಳ್ಳುವುದು ದೊಡ್ಡ ಅನ್ಯಾಯ. ಕನ್ನಡದ ಪದ ಆಮೇಲೆ ಬರುತ್ತದೆ.

ಈಗ ಆಟ ತಿರುಗಿಸಿ. ನೀವು ಗುಂಪು ಮಾಡಿ, ನಿಮ್ಮ ನಿಯಮವನ್ನು ಮಗು ಕಂಡುಹಿಡಿಯಲಿ.

## ಹಂತ 6: ನಿಯಮ ಬದಲಿಸುವುದು (4ರಿಂದ 5 ವರ್ಷ)

ದೊಡ್ಡ ಕೆಂಪು, ಸಣ್ಣ ಕೆಂಪು, ದೊಡ್ಡ ಹಳದಿ, ಸಣ್ಣ ಹಳದಿ ಮುಚ್ಚಳಗಳಿವೆ ಎನ್ನಿ. ಮಗು ಬಣ್ಣದ ಪ್ರಕಾರ ಚೆನ್ನಾಗಿ ಮಾಡಿತು. ‘ಈಗ ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ’ ಎಂದಿರಿ. ಮಗು ತಲೆಯಾಡಿಸಿತು, ಮತ್ತೆ ಬಣ್ಣದ ಪ್ರಕಾರವೇ ಹಾಕಿತು. ಮನೆಯವರು ಇದನ್ನು ಹಟ ಎನ್ನುತ್ತಾರೆ. ಹಟವಲ್ಲ. ಬಣ್ಣ ಮತ್ತು ಆಕಾರದ ಕಾರ್ಡುಗಳಿಂದ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಮಾಡುತ್ತಾ ಬಂದಿರುವ ಪರೀಕ್ಷೆಗಳಲ್ಲಿ, 3 ವರ್ಷದ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳಿಯೂ ಹಳೆಯ ನಿಯಮದಂತೆಯೇ ಕಾರ್ಡು ಇಡುವುದು ಕಂಡುಬಂದಿದೆ. ನಾಲ್ಕೈದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಬದಲಿಸಿಕೊಳ್ಳುತ್ತಾರೆ.

ಸುಲಭ ಮಾಡುವ ದಾರಿಗಳಿವೆ. ಮೊದಮೊದಲು ಎರಡು ನಿಯಮಗಳನ್ನು ಒಂದೇ ಕೂರುವಿಕೆಯಲ್ಲಿ ಆಡಿಸಬೇಡಿ. ಆಮೇಲೆ ಆಡಿಸುವಾಗಲೂ ಹಳೆಯ ಗುಂಪುಗಳನ್ನು ಪೂರ್ತಿ ಕಲಸಿ, ಬುಟ್ಟಿಗಳನ್ನು ತೆಗೆದು, ಚಾಪೆಯ ಇನ್ನೊಂದು ಬದಿಗೆ ಹೋಗಿ ಕೂರಿ. ಪ್ರತಿಯೊಂದನ್ನು ಕೊಡುವಾಗಲೂ ‘ಇದು ದೊಡ್ಡದು, ಎಲ್ಲಿಗೆ?’ ಎಂದು ಹೊಸ ಗುಣವನ್ನೇ ಹೆಸರಿಸಿ. ಬಣ್ಣದ ಹೆಸರು ನಿಮ್ಮ ಬಾಯಿಂದ ಜಾರಿದರೆ ಮಗು ಹಳೆಯ ಹಾದಿಗೆ ಮರಳುತ್ತದೆ. ಮೂರೂವರೆ ವರ್ಷದ ಮಗುವಿಗೆ ಇದು ಬಾರದಿದ್ದರೆ ಐದನೆಯ ಹಂತಕ್ಕೆ ಹಿಂತಿರುಗಿ ಕೆಲವು ತಿಂಗಳು ಬಿಟ್ಟುಬಿಡಿ.

## ಹಂತ 7: ಎರಡು ಗುಣ, ಗುಂಪಿನೊಳಗೆ ಗುಂಪು (5 ವರ್ಷದ ಮೇಲೆ)

ಹಗ್ಗದಿಂದ ಎರಡು ವೃತ್ತ ಮಾಡಿ, ಒಂದರ ಅಂಚು ಇನ್ನೊಂದರ ಒಳಗೆ ಬರಲಿ. ಒಂದು ಕೆಂಪಿಗೆ, ಇನ್ನೊಂದು ದೊಡ್ಡದಕ್ಕೆ. ದೊಡ್ಡ ಕೆಂಪು ಎಲ್ಲಿಗೆ ಹೋಗಬೇಕು? ನಡುವಿನ ಜಾಗವನ್ನು ನೀವು ತೋರಿಸದೆ ಮಗುವೇ ಕಾಣುವವರೆಗೆ ಕಾಯಬೇಕು. ಇದಕ್ಕೂ ಮೊದಲು ಮೊಟ್ಟೆ ಟ್ರೇಯಲ್ಲಿ ಅಭ್ಯಾಸ ಮಾಡಿಸಬಹುದು: ಅಡ್ಡ ಸಾಲು ಬಣ್ಣಕ್ಕೆ, ಉದ್ದ ಸಾಲು ಗಾತ್ರಕ್ಕೆ.

ಐದು ಕಿತ್ತಳೆ, ಎರಡು ಬಾಳೆಹಣ್ಣು ಇಟ್ಟು ‘ಕಿತ್ತಳೆ ಹೆಚ್ಚೋ, ಹಣ್ಣು ಹೆಚ್ಚೋ?’ ಎಂದು ಕೇಳಿದರೆ ಐದು ವರ್ಷದ ಮಗು ‘ಕಿತ್ತಳೆ’ ಎನ್ನುತ್ತದೆ. ಅದು ಕಿತ್ತಳೆಯನ್ನು ಬಾಳೆಹಣ್ಣಿನೊಂದಿಗೆ ಹೋಲಿಸುತ್ತಿದೆ, ಇಡೀ ಗುಂಪಿನೊಂದಿಗೆ ಅಲ್ಲ. ಪಿಯಾಜೆ ಮರದ ಮಣಿಗಳನ್ನಿಟ್ಟು ಕೇಳಿದಾಗಲೂ ಹೀಗೇ ಆಯಿತು. ಏಳು ವರ್ಷದವರೆಗೂ ಇದು ಸಹಜ, ವಿವರಣೆ ಕೊಟ್ಟು ಗೆಲ್ಲಲು ಹೋಗಬೇಡಿ. ಬದಲಿಗೆ ಸಂತೆಯ ಚೀಲ ಬಿಚ್ಚುವಾಗ ಮೊದಲು ತರಕಾರಿ, ಹಣ್ಣು. ನಂತರ ಹಣ್ಣಿನೊಳಗೆ ಕಿತ್ತಳೆ, ಬಾಳೆ. ಮತ್ತೆ ಎಲ್ಲ ಹಣ್ಣನ್ನೂ ಒಂದೇ ಬುಟ್ಟಿಗೆ ಎಂದು ಒಡೆದು ಕೂಡಿಸಿ ಮಾಡಿಸಿ.

## ಹಲವು ಮಕ್ಕಳಿರುವಾಗ

ಅಂಗನವಾಡಿಯಲ್ಲಿ 3 ವರ್ಷದವರೂ 6 ವರ್ಷದವರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಂದೇ ರಾಶಿ ಕೊಟ್ಟರೆ ದೊಡ್ಡವರು ಕ್ಷಣದಲ್ಲಿ ಮುಗಿಸುತ್ತಾರೆ, ಚಿಕ್ಕವರು ನೋಡುತ್ತಾ ಕೂರುತ್ತಾರೆ. ಕೆಲಸವನ್ನು ಹಂಚಿ: ಚಿಕ್ಕವರು ವಸ್ತು ಆರಿಸಿ ಬುಟ್ಟಿಗೆ ಹಾಕಲಿ, ದೊಡ್ಡವರು ಕೊನೆಯಲ್ಲಿ ನೋಡಿ ನಿಯಮ ಏನೆಂದು ಹೇಳಲಿ. ಒಬ್ಬರ ಕೈಗೆ ಇನ್ನೊಬ್ಬರು ಕೈ ಹಾಕಬಾರದು ಎಂಬುದೊಂದೇ ಕಟ್ಟಳೆ.

ಅಚ್ಚು ಹಾಕಿದ ಹಾಳೆಗಳ ಮೇಲೆ ‘ಬೇರೆಯಾದದ್ದಕ್ಕೆ ಸುತ್ತು ಹಾಕು’ ಎನ್ನುವ ಅಭ್ಯಾಸವನ್ನು ಒಂದನೆಯ ತರಗತಿಯವರೆಗೂ ಮುಂದೂಡಿ. ಹಾಳೆಯ ಮೇಲಿನ ಕಿತ್ತಳೆಗೆ ತೂಕವಿಲ್ಲ, ಒರಟಿಲ್ಲ, ವಾಸನೆಯಿಲ್ಲ. ಮೊಬೈಲ್ ಆಟಗಳ ತೊಂದರೆ ಬೇರೆ: ತಪ್ಪಿದ ಕೂಡಲೇ ಅವು ಶಬ್ದ ಮಾಡುತ್ತವೆ, ಮಗು ಯೋಚಿಸುವುದನ್ನು ಬಿಟ್ಟು ಶಬ್ದ ಬರುವವರೆಗೆ ಒತ್ತುತ್ತಾ ಹೋಗುತ್ತದೆ.

## ಎಚ್ಚರಿಕೆಯ ಸೂಚನೆಗಳು

ಗಾತ್ರ, ಆಕಾರ ಎಲ್ಲವನ್ನೂ ಸಲೀಸಾಗಿ ಮಾಡುವ ಮಗು ಕಾಫಿ ಹಣ್ಣಿನ ಕೆಂಪು ಮತ್ತು ಹಸಿರಿನಲ್ಲಿ ಮಾತ್ರ ಪದೇ ಪದೇ ತಪ್ಪಿದರೆ ಬಣ್ಣಗುರುಡು ಇರಬಹುದು. ಕೆಂಪು ಮತ್ತು ಹಸಿರು ಗೊಂದಲವಾಗುವ ಬಗೆಯೇ ಸಾಮಾನ್ಯ, ಅದೂ ಹುಡುಗಿಯರಿಗಿಂತ ಹುಡುಗರಲ್ಲಿ ಬಹಳ ಹೆಚ್ಚು. ಅಂಥ ಮಗು ಹಿಸುಕಿ ಅಥವಾ ಮೂಸಿ ಬೇರ್ಪಡಿಸುವುದನ್ನು ಕಲಿತಿರುತ್ತದೆ. ನೀಲಿ ಮತ್ತು ಹಳದಿ ಮುಚ್ಚಳ ಕೊಟ್ಟು ನೋಡಿ. ಅವು ಸರಿಯಾಗಿ ಬಂದರೆ ಅನುಮಾನ ಗಟ್ಟಿಯಾಗುತ್ತದೆ, ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ. ವಸ್ತುವನ್ನು ಮುಖದ ಹತ್ತಿರ ತಂದು ನೋಡುವುದು, ತಲೆ ಓರೆ ಮಾಡುವುದು ದೃಷ್ಟಿದೋಷದ ಸೂಚನೆ.

ವಸ್ತುಗಳನ್ನು ಸಾಲಾಗಿ ಇಡುವುದು ತನ್ನಷ್ಟಕ್ಕೆ ಕಾಯಿಲೆಯಲ್ಲ, ಎಷ್ಟೋ ಮಕ್ಕಳು ಇಡುತ್ತಾರೆ. ಆದರೆ ಸಾಲು ಸ್ವಲ್ಪ ಕದಲಿದರೂ ತಡೆಯಲಾರದಷ್ಟು ಅಳುವುದು, ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಬೆರಳು ಮಾಡಿ ಏನನ್ನೂ ತೋರಿಸದಿರುವುದು ಜೊತೆಗಿದ್ದರೆ ಕಾಯಬೇಡಿ. 3 ವರ್ಷ ದಾಟಿದರೂ ಒಂದೇ ರೀತಿಯ ಎರಡು ವಸ್ತುಗಳನ್ನು ಜೋಡಿಸಲಾಗದಿದ್ದರೆ, ಬರುತ್ತಿದ್ದ ಮಾತೋ ಕೌಶಲವೋ ಕಳೆದುಹೋದರೆ ಆಗಲೂ ಅಷ್ಟೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಬೇಕೆಂಬ ನಿಯಮವಿದೆ. ಅವರು ಬರುವ ದಿನವನ್ನು ಕಾರ್ಯಕರ್ತೆಯಲ್ಲೋ ಆಶಾ ಕಾರ್ಯಕರ್ತೆಯಲ್ಲೋ ವಿಚಾರಿಸಿ, ಮಗು ಯಾವ ಹಂತದಲ್ಲಿ, ಯಾವ ವಸ್ತುವಿನೊಂದಿಗೆ ನಿಂತಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ದಿನ ಇನ್ನೂ ದೂರವಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈಗಲೇ ಕರೆದೊಯ್ಯಿರಿ.